ಬೆರಳಗಲ ಬಿಟ್ಟು

"ಕಾರನ್ನ ನೀನು ಏನಾದ್ರೂ ಮಾಡ್ಕೊ ಅಕ್ಕ, ಆದ್ರೆ ನನ್ನ ಈರುಳ್ಳಿ ಎಲ್ಲಿಡಲಿ ಅಂತ ಮೊದಲು ಹೇಳು," ಎಂದಳು ಟೈಲರಮ್ಮನ ಓರಗಿತ್ತಿ.

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾವನವರ ಕಾಲದ ಆ ಕಾರು ಎರಡು ಮನೆಗಳ ನಡುವಿನ ಶೆಡ್ಡಿನಲ್ಲಿ ನಿಂತು ವರ್ಷಗಳೇ ಉರುಳಿದ್ದವು. ಹಿಂದಿನ ಸೀಟಿನಲ್ಲಿ ಈರುಳ್ಳಿ, ಮುಂದಿನ ಸೀಟಿನಲ್ಲಿ ಹಳೆಯ ಪೇಪರು, ಡಿಕ್ಕಿಯಲ್ಲಿ ಖಾಲಿ ಡಬ್ಬಗಳು. ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದುದರಿಂದ ಇಲಿಗಳ ಕಾಟವಿಲ್ಲ ಎಂಬುದೊಂದೇ ಅದಕ್ಕೆ ಉಳಿದಿದ್ದ ಮರ್ಯಾದೆ. ಸ್ಟೀರಿಂಗ್ ಇರುವ ಉಗ್ರಾಣ ಇಡೀ ಬೀದಿಯಲ್ಲಿ ನಮ್ಮದೊಂದೇ ಎಂದು ಓರಗಿತ್ತಿ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

"ನಮ್ಮನೆ ಅಟ್ಟದ ಮೇಲಿಡೆ. ಗಾಳಿ ಚೆನ್ನಾಗಿ ಆಡುತ್ತೆ," ಎಂದಳು ಟೈಲರಮ್ಮ.

"ಇಡ್ತೀನಿ. ಈರುಳ್ಳಿ ಅಟ್ಟಕ್ಕೆ ಹೋಗುತ್ತೆ, ಕಾರು ಗುಜರಿಗೆ ಹೋಗುತ್ತೆ, ನೀನು ಎಲ್ಲಿಗೆ ಹೋಗ್ತೀಯೋ ನೋಡೋಣ."

ಟೈಲರಮ್ಮನಿಗೆ ತಾನು ಎಲ್ಲಿಗೆ ಹೋಗಬೇಕೆಂದು ಸ್ಪಷ್ಟವಾಗಿ ಗೊತ್ತಿತ್ತು. ಬೀದಿಯ ತಿರುವಿನಲ್ಲಿದ್ದ ಅವಳ ಹೊಲಿಗೆ ಅಂಗಡಿಗೆ ಒಂದು ಕಾಲದಲ್ಲಿ ಜನ ಬೆಳಿಗ್ಗೆಯೇ ಬಂದು ಕಾಯುತ್ತಿದ್ದರು. ಅವಳ ಕೈಯಲ್ಲಿ ಕತ್ತರಿಸಿದ ಬಟ್ಟೆಗೆ ಒಂದು ಗುಣವಿತ್ತು. ಒಳಗಡೆ ಎಲ್ಲ ಹೊಲಿಗೆಯಲ್ಲೂ ಬೆರಳಗಲ ಬಟ್ಟೆ ಹೆಚ್ಚಿಗೆ ಇರುತ್ತಿತ್ತು. "ಮೈ ಯಾರ ಮಾತು ಕೇಳುತ್ತೆ? ಇವತ್ತು ಹೀಗಿರುತ್ತೆ, ನಾಳೆ ಹಾಗಿರುತ್ತೆ. ಬಿಚ್ಚಿ ಬಿಡೋಕೆ ಒಳಗೆ ಏನಾದ್ರೂ ಇರಬೇಕು," ಎನ್ನುವಳು. ಮದುವೆಗೆ ಹೊಲಿಸಿದ ಅಂಗಿಯನ್ನು ಮಗನ ಮದುವೆಗೂ ಬಿಚ್ಚಿಸಿ ತೊಟ್ಟವರಿದ್ದರು. ಆಮೇಲೆ ಊರಿನ ತುಂಬ ಸಿದ್ಧ ಉಡುಪಿನ ಅಂಗಡಿಗಳು ಬಂದವು. ದಪ್ಪಗಾದವರು ಅಂಗಿ ಬಿಚ್ಚಿಸುವುದನ್ನು ಬಿಟ್ಟು ಹೊಸದನ್ನೇ ಕೊಳ್ಳತೊಡಗಿದರು. ಈಗ ಅಂಗಡಿಗೆ ಬರುವುದು ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟು. ಕೆಲವು ದಿನ ಅದೂ ಇಲ್ಲ.

ಊರಾಚೆ ಹಳೆಯ ಕಾರುಗಳನ್ನು ಹೊಸದರಂತೆ ಮಾಡುವ ಕಾರ್ಖಾನೆಯೊಂದಿತ್ತು. ಅಲ್ಲಿ ಸೀಟು ಹೊಲಿಯುವ ಹಿರಿಯರಿಗೆ ಕಣ್ಣು ಮಂದವಾಗಿದೆ, ಬೇಸಿಗೆ ಮುಗಿದ ಮೇಲೆ ಬಿಡುತ್ತಾರಂತೆ ಎಂದು ಕೇಳಿ ಟೈಲರಮ್ಮ ಹೋಗಿ ವಿಚಾರಿಸಿದ್ದಳು. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಮಾಲೀಕರು ಅವಳ ಬೆರಳುಗಳನ್ನೊಮ್ಮೆ ನೋಡಿ, "ಹೊಲಿಗೆ ಬರುತ್ತೆ ಅಂತ ಗೊತ್ತಾಯ್ತು. ಆದ್ರೆ ನನಗೆ ಕಾರು ಗೊತ್ತಿರೋರು ಬೇಕಮ್ಮ. ಒಂದು ಹಳೇ ಕಾರನ್ನ ನೀವೇ ಬಿಚ್ಚಿ, ನೀವೇ ಜೋಡಿಸಿ, ನೀವೇ ಓಡಿಸ್ಕೊಂಡು ಬನ್ನಿ. ಆಮೇಲೆ ಮಾತಾಡೋಣ," ಎಂದಿದ್ದರು.

ಬಂದವರನ್ನು ನೋಯಿಸದೆ ಸಾಗಹಾಕುವ ಮಾತು ಅದು ಎಂದು ಅವಳ ಗಂಡನಿಗೆ ಅನಿಸಿತು. ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಕೂತು ಅವನಿಗೆ ಅಂಥ ಮಾತುಗಳ ಪರಿಚಯ ಚೆನ್ನಾಗಿತ್ತು. ಟೈಲರಮ್ಮ ಮಾತ್ರ ಅದನ್ನು ಅಳತೆ ಕೊಟ್ಟು ಹೋದ ಗಿರಾಕಿಯ ಮಾತಿನಂತೆ ನಂಬಿದಳು. ಕಾರು ಮನೆಯಲ್ಲೇ ಇದೆ. ಓಡಿಸುವುದನ್ನು ಅದೇ ಕಾರಿನಲ್ಲಿ ಮಾವನವರು ಕಲಿಸಿದ್ದರು. ಇನ್ನೇನು ಬೇಕು?

ಬೇಕಾಗಿದ್ದವರು ನಿಧಾನಣ್ಣ. ಎದುರು ಸಾಲಿನ ಕೊನೆಯ ಮನೆಯಲ್ಲಿದ್ದ ಹಳೆಯ ಮೆಕ್ಯಾನಿಕ್. ಏನು ಕೇಳಿದರೂ ಮೊದಲು "ನಿಧಾನ, ನಿಧಾನ" ಎನ್ನುತ್ತಿದ್ದುದರಿಂದ ಅವರ ನಿಜವಾದ ಹೆಸರು ಬೀದಿಗೆ ಮರೆತೇ ಹೋಗಿತ್ತು. ಸೊಂಟ ಬಗ್ಗುತ್ತಿರಲಿಲ್ಲವಾಗಿ ಬಕೆಟ್ಟು ಮಗುಚಿ ಹಾಕಿ ಅದರ ಮೇಲೆ ಕೂತರು.

"ಕೈ ಹಾಕಲ್ಲ ತಾಯಿ. ಬಾಯಿ ಮಾತ್ರ ಹಾಕ್ತೀನಿ."

"ನಮ್ಮನೇಲಿ ಬಾಯಿ ಹಾಕೋರಿಗೇನೂ ಬರ ಇಲ್ಲ," ಎಂದಳು ಈರುಳ್ಳಿ ಬುಟ್ಟಿಗೆ ತುಂಬುತ್ತಿದ್ದ ಓರಗಿತ್ತಿ.

"ನಿನ್ನ ಬಾಯಿ ಹಳೇ ಮಾಡೆಲ್ಲಮ್ಮ. ಕೆಟ್ರೆ ಬಿಡಿಭಾಗ ಸಿಗಲ್ಲ, ಜೋಪಾನ."

ಹೀಗೆ ಕೆಲಸ ಶುರುವಾಯಿತು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಶೆಡ್ಡು. ನಿಧಾನಣ್ಣ ಹೇಳುವುದು, ಟೈಲರಮ್ಮ ಬಿಚ್ಚುವುದು, ಬಿಚ್ಚಿದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು ದಾರದ ಹಳೆಯ ಡಬ್ಬಗಳಲ್ಲಿ ಜೋಡಿಸಿಡುವುದು. ಅವಳು ನಟ್ಟನ್ನು ಬಿಗಿಯುವ ರೀತಿಯೇ ಬೇರೆ. ಕೊನೆಯ ಸುತ್ತಿಗೆ ಬಂದಾಗ ತಲೆ ಓರೆ ಮಾಡಿ, ಉಸಿರು ಹಿಡಿದು, ಸೂಜಿಗೆ ದಾರ ಪೋಣಿಸುವವಳಂತೆ ನಿಲ್ಲುತ್ತಿದ್ದಳು. ನಿಧಾನಣ್ಣ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವರು.

ಚಳಿ ಇಳಿಯುವ ಹೊತ್ತಿಗೆ ಇಂಜಿನ್ನು ಬಹುಮಟ್ಟಿಗೆ ಸಿದ್ಧವಾಗಿತ್ತು. ನೀರಿನ ಪಂಪೊಂದನ್ನು ಕೂರಿಸುವುದು ಬಾಕಿ. ಪಂಪಿಗೂ ಇಂಜಿನ್ನಿಗೂ ನಡುವೆ ನೀರು ಸೋರದ ಹಾಗೆ ಒಂದು ದಪ್ಪ ಕಾಗದ ಕೂರಬೇಕು, ಅದಕ್ಕೆ ಪ್ಯಾಕಿಂಗ್ ಎನ್ನುತ್ತಾರೆ. ಹಳೆಯದು ಮುಟ್ಟಿದರೆ ಪುಡಿಯಾಗಿತ್ತು. ಅಷ್ಟರಲ್ಲಿ ನಿಧಾನಣ್ಣ ಮಗಳ ಮನೆಗೆ ಹೊರಟರು.

"ನಾನು ಬರೋವರೆಗೂ ಪಂಪಿಗೆ ಕೈ ಹಚ್ಚಬೇಡ ತಾಯಿ."

"ಕಾಗದ ಕತ್ತರಿಸೋದು ತಾನೇ ಅಣ್ಣ? ಅದಕ್ಕೂ ಗುರು ಬೇಕಾ?"

"ನಿಧಾನ," ಎಂದರು ಅವರು, ಬಸ್ಸಿಗೆ ಹೊತ್ತಾಗಿತ್ತು.

ಆ ಮಧ್ಯಾಹ್ನ ಟೈಲರಮ್ಮನ ಕೈ ಕೇಳಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ತನ್ನ ವಿದ್ಯೆಯ ಕೆಲಸ ಎದುರಿಗೆ ಬಂದಿದೆ. ಕಾಗದವನ್ನು ಪಂಪಿನ ಮುಖಕ್ಕೆ ಒತ್ತಿ ಹೆಬ್ಬೆರಳಿನಿಂದ ಅಂಚು ಮೂಡಿಸಿಕೊಂಡಳು. ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ದೊಡ್ಡ ಕತ್ತರಿ ತಂದು ಒಂದೇ ಓಟದಲ್ಲಿ ಕತ್ತರಿಸಿದಳು. ಕೂರಿಸಿ ಬಿಗಿದಾಗ ಕಾಗದ ಸುತ್ತಲೂ ಸ್ವಲ್ಪ ಹೊರಗೆ ಚಾಚಿಕೊಂಡಿತ್ತು.

"ಇಂಜಿನ್ನಿಗೆ ಲಂಗ ಹೊಲಿದಿದ್ದೀಯಾ?" ಎಂದು ಓರಗಿತ್ತಿ ಬಗ್ಗಿ ನೋಡಿದಳು.

"ಇದ್ರೆ ಇರಲಿ ಬಿಡೆ. ಇಲ್ಲದ್ದಕ್ಕಿಂತ ಇದ್ದಿದ್ದು ಒಳ್ಳೇದು."

ಗಂಡ ಕಚೇರಿಯಿಂದ ಬಂದ ಮೇಲೆ ಕೀಲಿ ತಿರುಗಿಸಿದಳು. ಇಂಜಿನ್ನು ಕೆಮ್ಮಿತು, ಸೀನಿತು, ಆಮೇಲೆ ಹಿಡಿದುಕೊಂಡಿತು. ಶೆಡ್ಡಿನ ತಗಡು ಗಡಗಡ ಅಂದಿತು. ಸೀಟು ಬಿಚ್ಚಿಟ್ಟಿದ್ದರಿಂದ ಗಂಡ ಪಕ್ಕದಲ್ಲಿ ಒಂದು ಮಣೆಯ ಮೇಲೆ ಕೂತ. ಬೀದಿ ದಾಟಿ, ಶಾಲೆಯ ಹಿಂಭಾಗದ ಏರು ಹತ್ತಿ, ನೀರಿನ ಟ್ಯಾಂಕು ಸುತ್ತಿಕೊಂಡು ಬರುವಾಗ ದಾರಿಯಲ್ಲಿದ್ದವರೆಲ್ಲ ನಿಂತು ನೋಡಿದರು. ಟೈಲರಮ್ಮ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಈ ಕಾವಿನ ಮುಳ್ಳು ಯಾಕೋ ಕೆಂಪಿನ ಕಡೆ ಹೋಗ್ತಿದೆ ಕಣೇ," ಎಂದ ಗಂಡ.

"ಹಳೇ ಮುಳ್ಳು ರೀ. ಅದಕ್ಕೇನು ಗೊತ್ತು."

"ಸುಟ್ಟ ವಾಸನೆ?"

"ಬಹಳ ದಿನದ ಮೇಲೆ ಓಡ್ತಿದೆಯಲ್ಲ. ಮನೆ ಇನ್ನೇನು ಬಂತು."

ಮನೆ ಬಂದಿತು. ಜೊತೆಗೆ ಬಾನೆಟ್ಟಿನ ಸಂದಿಯಿಂದ ಹಬೆಯೂ ಬಂದಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಗಂಡನ ನಾಲಿಗೆಯ ತುದಿಯಲ್ಲಿತ್ತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ.

ನಿಧಾನಣ್ಣ ಊರಿಂದ ಬಂದವರು ಬಕೆಟ್ಟಿನ ಮೇಲೆ ಕೂತು, ಬಿಚ್ಚಿಸಿ, ಆ ಕಾಗದವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಹೊರಗಡೆ ಬೆರಳಗಲ ಹೆಚ್ಚಿಗೆ ಇತ್ತು. ಅದರಿಂದ ತೊಂದರೆ ಇರಲಿಲ್ಲ. ನೀರು ಹಾಯಬೇಕಾದ ನಡುವಿನ ತೂತಿನಲ್ಲೂ ಸುತ್ತ ಅಷ್ಟೇ ಬಿಟ್ಟಿದ್ದಳು. ಎರಡೂವರೆ ಬೆರಳಗಲ ಇರಬೇಕಾದ ದಾರಿ ಕಡಲೆಕಾಳು ತೂರುವಷ್ಟು ಉಳಿದಿತ್ತು.

"ಇದ್ಯಾಕೆ ಹೀಗೆ ಬಿಟ್ಟೆ ತಾಯಿ?"

ಟೈಲರಮ್ಮ ತೂತಿನ ಅಂಚಿಗೆ ಬೆರಳಿಟ್ಟು ಅಳೆದಳು. "ಬಿಡದೆ ಕತ್ತರಿಸಿ ಗೊತ್ತಿಲ್ಲ ಅಣ್ಣ."

"ಇಂಜಿನ್ನು ದಪ್ಪ ಆಗಲ್ಲ," ಎಂದರು ನಿಧಾನಣ್ಣ, ಬೈಯುವ ದನಿಯಲ್ಲಲ್ಲ, ಕಾಯಿಲೆಯವರಿಗೆ ಪಥ್ಯ ಹೇಳುವ ದನಿಯಲ್ಲಿ. "ಅದು ಸಣ್ಣಾನೂ ಆಗಲ್ಲ. ಇದ್ದಷ್ಟೇ ಇರುತ್ತೆ."

ಕಾವಿಗೆ ಇಂಜಿನ್ನಿನ ಮೇಲ್ಭಾಗ ಬಾಗಿತ್ತು. ಅದನ್ನು ಲೇತ್ ಅಂಗಡಿಗೆ ಕೊಟ್ಟು ಮಟ್ಟ ಮಾಡಿಸಬೇಕು. ಲೇತ್ ಅಂಗಡಿಯವನ ಮುಂದೆ ಊರಿನ ಇಂಜಿನ್ನುಗಳೆಲ್ಲ ಸಾಲಾಗಿ ಬಿದ್ದಿದ್ದವು. ಇವತ್ತು ಬಾ, ನಾಳೆ ಬಾ. ಬಿಸಿಲು ಏರತೊಡಗಿತು. ಕಾರ್ಖಾನೆಯ ಹಿರಿಯರು ಬಿಡುವ ಹೊತ್ತು ಹತ್ತಿರವಾಗುತ್ತಿತ್ತು. ಟೈಲರಮ್ಮ ಅಂಗಡಿಯಲ್ಲಿ ಕೂತು ಖಾಲಿ ಮಿಷನ್ನನ್ನು ಸುಮ್ಮನೆ ತುಳಿಯುತ್ತಿದ್ದಳು.

"ಇನ್ನು ಸಾಕು ಮಾಡಬಾರದಾ? ನನ್ನ ಸಂಬಳ ಇದೆ. ನೀನೂ ಎಷ್ಟು ವರ್ಷ ದುಡಿದೆ," ಎಂದ ಗಂಡ ಒಂದು ದಿನ, ಊಟದ ತಟ್ಟೆಯ ಮುಂದೆ.

"ದುಡಿದು ಸಾಕಾಗಿದೆ ಅಂತ ನಿಮಗೆ ಯಾರು ಹೇಳಿದ್ದು? ಕೆಲಸ ಇಲ್ಲದೆ ಸಾಕಾಗಿದೆ," ಎಂದಳು.

ಗಂಡ ಮತ್ತೆ ಆ ಮಾತು ತೆಗೆಯಲಿಲ್ಲ. ಮರುದಿನ ಕಚೇರಿಯಿಂದ ಬರುವಾಗ ತಾನೇ ಲೇತ್ ಅಂಗಡಿಗೆ ಹೋಗಿ ಅಲ್ಲಿನ ಬೆಂಚಿನ ಮೇಲೆ ಪೇಪರು ಓದುತ್ತ ಕೂತ. ಅದರ ಮರುದಿನವೂ ಹಾಗೆಯೇ ಕೂತ. ಸುಮ್ಮನೆ ಕೂರುವುದರಲ್ಲಿ ಅಂಚೆ ಕಚೇರಿಯವರನ್ನು ಮೀರಿಸುವವರಿಲ್ಲ. ಲೇತಿನವನೇ ಬೇಸತ್ತು ಇವರ ಕೆಲಸ ಮೊದಲು ಮುಗಿಸಿಕೊಟ್ಟ.

ಹೊಸ ಪ್ಯಾಕಿಂಗನ್ನು ಟೈಲರಮ್ಮನೇ ಕತ್ತರಿಸಿದಳು. ನಿಧಾನಣ್ಣ ಬಾಯಿ ಬಿಡದೆ ಕೂತಿದ್ದರು. ಗೆರೆಯ ಮೇಲೆಯೇ ಕತ್ತರಿ ಓಡಬೇಕು ಎನ್ನುವಾಗ ಅವಳ ಕೈ ತಾನಾಗಿ ಹೊರಕ್ಕೆ ಎಳೆಯುತ್ತಿತ್ತು. ಸಂತೆಗೆ ಹೋಗುವ ಎತ್ತು ಹಳೆಯ ದಾರಿಗೇ ತಿರುಗುವ ಹಾಗೆ. ಹಾಳಾದ ಕಾಗದಗಳು ಕಾಲಡಿ ಬಿದ್ದವು.

"ನನ್ನ ಕಲಿಯೋ ವಯಸ್ಸು ಮುಗೀತು ಅನ್ಸುತ್ತೆ ಅಣ್ಣ."

"ನಾನು ಒಂದ್ಸಲ ಇಂಜಿನ್ನಿನೊಳಗೆ ಬಟ್ಟೆ ತುಂಡು ಬಿಟ್ಟು ಮುಚ್ಚಿದ್ದೆ. ಗಿರಾಕಿ ಬಂದು, ಕಾರು ಗೊರಕೆ ಹೊಡೀತಿದೆ ಅಂದ. ಆಗ ನನಗೆ ನಿನಗಿಂತ ಹೆಚ್ಚು ವಯಸ್ಸು." ಹಾಳಾದ ಕಾಗದಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಹೇಳಿದರು, "ಇನ್ನೊಂದು ಕಾಗದ ತಗೋ."

ಇಂಜಿನ್ನು ಈ ಸಲ ತಣ್ಣಗೆ ಓಡಿತು. ಉಳಿದದ್ದು ಸೀಟು. ಅದು ತನ್ನದೇ ರಾಜ್ಯ ಎಂದು ಟೈಲರಮ್ಮ ಸಡಗರದಿಂದ ಕೂತಳು. ಗಾಢ ಹಸಿರು ರೆಕ್ಸಿನ್ನು, ಅಂಚಿಗೆ ಬಿಳಿ ಪಟ್ಟಿ. ಹೊಲಿಗೆ ಹಲ್ಲು ಜೋಡಿಸಿದ ಹಾಗೆ ನೇರ. ಸ್ಪಂಜಿಗೆ ತೊಡಿಸಿ, ಗಂಡನನ್ನು ಕೂರಿಸಿದಳು. ಅವನು ಕೂತ. ಆ ಕಡೆ ವಾಲಿದ. ಹಸಿರು ಕವರೂ ಅವನ ಜೊತೆಗೇ ಆ ಕಡೆ ವಾಲಿತು. ಎದ್ದಾಗ ಸೀಟಿನ ಮೇಲೆ ಸುಕ್ಕು ಸುಕ್ಕು.

"ಚೆನ್ನಾಗಿದೆ," ಎಂದ ಗಂಡ.

"ಭಾವಾ, ಸುಳ್ಳು ಹೇಳೋಕೂ ಒಂದು ಲೆಕ್ಕ ಇರಬೇಕು," ಎಂದಳು ಓರಗಿತ್ತಿ. "ಅಣ್ಣನ ಚಡ್ಡಿ ತಮ್ಮನಿಗೆ ಹಾಕಿದ ಹಾಗಿದೆ ಅಕ್ಕ."

ಟೈಲರಮ್ಮನಿಗೆ ಇಂಜಿನ್ನು ಸುಟ್ಟಾಗ ಆಗದಿದ್ದ ಸಂಕಟ ಈಗ ಆಯಿತು. ಇಂಜಿನ್ನು ಪರರ ವಿದ್ಯೆ, ಅಲ್ಲಿ ಸೋತರೆ ಸೋಲು ಪರರದು. ಇದು ತನ್ನದು. ಇದೂ ಬರುವುದಿಲ್ಲ ಎಂದಾದರೆ ಕಾರ್ಖಾನೆಗೆ ಯಾವ ಮುಖ ಹೊತ್ತು ಹೋಗುವುದು? ಸೀಟಿನ ಮುಂದೆ ಬಹಳ ಹೊತ್ತು ಕೂತು ನೋಡಿದಳು. ಮೈಗೆ ಹೊಲಿಯುವಾಗ ಉಸಿರಾಡುವುದಕ್ಕೆ, ಕೈ ಎತ್ತುವುದಕ್ಕೆ, ಬಗ್ಗುವುದಕ್ಕೆ ಸಡಿಲ ಬಿಡಬೇಕು. ಸ್ಪಂಜು ಉಸಿರಾಡುವುದಿಲ್ಲ. ಅದನ್ನು ಅಮುಕಿ ಹಿಡಿಯಬೇಕು. ಬಟ್ಟೆ ಮೈಗಿಂತ ದೊಡ್ಡದು, ಸೀಟಿನ ಕವರು ಸ್ಪಂಜಿಗಿಂತ ಚಿಕ್ಕದು. ಇಷ್ಟೇ ವಿಷಯ. ಆದರೆ ಅವಳು ಜೀವಮಾನವಿಡೀ ಮಾಡಿದ್ದಕ್ಕೆ ಅದು ಪೂರ್ತಿ ತಲೆಕೆಳಗು.

ಒಳಕ್ಕೆ ಹಿಡಿದು ಹೊಲಿದಳು. ಹೆಚ್ಚಾಯಿತು, ಕವರು ಏರಲೇ ಇಲ್ಲ. ಬಿಚ್ಚಿ, ಸ್ವಲ್ಪ ಬಿಟ್ಟು, ಮತ್ತೆ ಹೊಲಿದಳು. ಏರಿತು. ಡೋಲಿನ ಚರ್ಮದಂತೆ ಬಿಗಿಯಾಗಿ ಕೂತಿತು. ಗಂಡನನ್ನು ಮತ್ತೆ ಕೂರಿಸಿದಳು. ಪರ್‍ ಎಂದು ಸದ್ದು ಕೇಳಿದಾಗ ಅವನು ಗಾಬರಿಯಿಂದ ತನ್ನ ಪ್ಯಾಂಟು ಮುಟ್ಟಿ ನೋಡಿಕೊಂಡ. ಹರಿದಿದ್ದು ಸೀಟು. ಬಿಚ್ಚಿದ ಹೊಲಿಗೆಯ ಹಳೆಯ ತೂತುಗಳ ಸಾಲಿನಲ್ಲೇ ನೇರವಾಗಿ ಹರಿದಿತ್ತು.

"ಅಂಚೆಚೀಟಿ ಹರಿಯೋದು ಹೀಗೇ ಕಣೇ," ಎಂದ ಗಂಡ, ಹರಿದ ಅಂಚನ್ನು ಬೆರಳಲ್ಲಿ ಸವರುತ್ತ. "ಸುಲಭವಾಗಿ ಹರೀಲಿ ಅಂತಾನೇ ತೂತು ಹಾಕಿರ್ತಾರೆ."

ಬಟ್ಟೆಯಲ್ಲಿ ಸೂಜಿಯ ತೂತು ಒಂದು ಸಲ ನೀರು ಕಂಡರೆ ಮುಚ್ಚಿಕೊಳ್ಳುತ್ತದೆ. ರೆಕ್ಸಿನ್ನಿನಲ್ಲಿ ಹಾಕಿದ ತೂತು ಹಾಗೇ ಉಳಿಯುತ್ತದೆ. ಬಿಚ್ಚಿ ಬಿಡುವ ಮಾತೇ ಇಲ್ಲಿಲ್ಲ. ಟೈಲರಮ್ಮ ಅವತ್ತು ಕತ್ತರಿ ಮುಟ್ಟಲಿಲ್ಲ, ಅಂಗಡಿಗೂ ಹೋಗಲಿಲ್ಲ. ಎರಡು ದಿನ ಬರೀ ಅಳೆದಳು. ಮೂರನೆಯ ದಿನ ಓರಗಿತ್ತಿ ಬಂದು ರೆಕ್ಸಿನ್ನಿನ ಇನ್ನೊಂದು ತುದಿ ಹಿಡಿದುಕೊಂಡಳು, ಯಾರೂ ಕರೆಯದೆ.

"ಎಳೀಲಾ?"

"ಎಳಿ. ಇನ್ನೂ. ಸಾಕು."

"ಜೀವನದಲ್ಲಿ ನೀನು ನನಗೆ ಸಾಕು ಅಂದಿದ್ದು ಇದೇ ಮೊದಲು. ಊಟಕ್ಕೆ ಕೂತಾಗ ಒಂದ್ಸಲಾನೂ ಅಂದಿಲ್ಲ."

ಹೊಸ ರೆಕ್ಸಿನ್ನು ಎಲ್ಲದಕ್ಕೂ ಸಾಲದೆ ಒಂದು ಮೂಲೆಗೆ ಹರಿದ ಕವರಿನ ತುಂಡನ್ನೇ ಹಾಕಬೇಕಾಯಿತು. ಉಳಿದದ್ದು ಸರಿಯಾಗಿ ಬಂತು. ಅಷ್ಟರಲ್ಲಿ ಬಿಸಿಲಿನ ಬಿರುಸು ಇಳಿದು ಸಂಜೆಗಳಲ್ಲಿ ಗಾಳಿ ತಣ್ಣಗಾಗಿತ್ತು.

ಕಾರ್ಖಾನೆಗೆ ಹೊರಟಾಗ ಗಂಡನಿಗೆ ರಜೆ ಸಿಗಲಿಲ್ಲ. ಓರಗಿತ್ತಿ ತಾನಾಗಿಯೇ ಹತ್ತಿ ಕೂತಳು. ನಿಧಾನಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. 'ನಿಧಾನ' ಎನ್ನುವರೇನೋ ಎಂದು ಟೈಲರಮ್ಮ ಕಾದರೆ, "ಜೋರಾಗೇ ಹೋಗು ತಾಯಿ," ಎಂದರು. ಮುಳ್ಳು ದಾರಿಯುದ್ದಕ್ಕೂ ನಡುವಿನಲ್ಲೇ ಇತ್ತು. ಆದರೂ ಓರಗಿತ್ತಿ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಕಣ್ಣು ತೆಗೆದರೆ ಏರಿಬಿಡುತ್ತದೆ ಎಂಬಂತೆ.

ಕಾರ್ಖಾನೆ ಎಂದರೆ ತಗಡಿನ ಉದ್ದನೆಯ ಕಟ್ಟಡ. ಅರ್ಧ ಬಿಚ್ಚಿದ ಕಾರುಗಳು, ಗೋಡೆಗೆ ಒರಗಿಸಿದ ಬಾಗಿಲುಗಳು, ಬಣ್ಣದ ವಾಸನೆ. ಮಾಲೀಕರಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿದರು. ಬಾನೆಟ್ಟು ಎತ್ತಿ ಇಂಜಿನ್ನಿಗೆ ಕಿವಿಗೊಟ್ಟರು. ಹಿಂದಿನ ಸೀಟಿನಲ್ಲಿ ಕೂತು, ಎದ್ದು, ಮತ್ತೆ ಕೂತು, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಒಂದು ಮೂಲೆಯಲ್ಲಿ ಬೆರಳು ನಿಂತಿತು.

"ಇದನ್ನ ಎಷ್ಟು ಸಲ ಬಿಚ್ಚಿದ್ರಿ?"

ಅಲ್ಲಿ ತೂತುಗಳ ಸಾಲು ಸಣ್ಣಗೆ ಕಾಣುತ್ತಿತ್ತು. ಗೊತ್ತಿಲ್ಲದವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ.

"ಎರಡು ಸಲ. ಮೊದಲು ದೊಡ್ಡದಾಯ್ತು, ಆಮೇಲೆ ಚಿಕ್ಕದಾಯ್ತು."

"ಇಂಜಿನ್ನು?"

"ಅದನ್ನ ಒಂದ್ಸಲ ಬೇಯಿಸಿದೆ."

ಓರಗಿತ್ತಿ ಅವಳ ಬೆನ್ನಿಗೆ ಮೆಲ್ಲಗೆ ಚಿವುಟಿದಳು. ಮಾಲೀಕರು ಕೆಳಗಿಳಿದು ಬಾಗಿಲು ಮುಚ್ಚಿದರು. ಒಂದೇ ಸಲಕ್ಕೆ ಮುಚ್ಚಿಕೊಂಡಿತು.

"ನೀವು ಬರ್ತೀರಿ ಅಂತ ನಾನು ಅಂದ್ಕೊಂಡಿರಲಿಲ್ಲಮ್ಮ. ನಮ್ಮ ಹಿರಿಯರು ಬಿಟ್ಟು ಹೋದ್ರು. ಅವರ ಜಾಗಕ್ಕೆ ಬೇರೆ ಜನ ಬಂದೂ ಆಯ್ತು. ಒಳ್ಳೇ ಹೊಲಿಗೆಯವರು."

ಟೈಲರಮ್ಮ ಕಾರಿನ ಕೀಲಿಯನ್ನು ಕೈಯಿಂದ ಕೈಗೆ ಬದಲಾಯಿಸಿದಳು. ಬಾಗಿದ ಇಂಜಿನ್ನು ಲೇತ್ ಅಂಗಡಿಯಲ್ಲಿ ಕಾದ ದಿನಗಳೆಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತ ಹಾಗಾಯಿತು. ಕಡಲೆಕಾಳಿನಷ್ಟು ತೂತಿನಲ್ಲಿ ಆ ಕೆಲಸ ಸಿಕ್ಕಿಬಿದ್ದಿತ್ತು.

"ಸರಿ," ಎಂದಳು. "ಹೇಳಿದ್ರಿ, ಬಂದೆ."

"ನಿಲ್ಲಿ. ಅವರು ಹೊಲೀತಾರೆ, ಆದ್ರೆ ಬಿಚ್ಚೋಕೆ ತಾಳ್ಮೆ ಇಲ್ಲ. ಹಳೇ ಸೀಟನ್ನ ಹರಿದು ತೆಗೀತಾರೆ. ಹರಿದ ಮೇಲೆ ಅಳತೆ ಎಲ್ಲಿಂದ ಬರಬೇಕು? ಕಣ್ಣಂದಾಜಲ್ಲಿ ಕತ್ತರಿಸ್ತಾರೆ, ಕೆಡಿಸ್ತಾರೆ." ಮಾಲೀಕರು ಗೋಡೆಯ ಬದಿಯ ಹಳೆಯ ಸೀಟುಗಳ ಕಡೆ ತೋರಿಸಿದರು. "ಬಿಚ್ಚೋ ಕೆಲಸ ಇದೆ. ಹೊಲಿಯೋದು ಈಗಲ್ಲ. ಮುಂದೆ ನೋಡೋಣ."

"ಅಂದ್ರೆ ನಮ್ಮಕ್ಕ ಇಷ್ಟು ದೂರ ಮೊಳೆ ಕೀಳೋಕೆ ಬರಬೇಕಾ?" ಓರಗಿತ್ತಿಗೆ ತಡೆಯಲಾಗಲಿಲ್ಲ. "ಸ್ವಾಮಿ, ಇವಳ ಕೈಲಿ ಅಂಗಿ ಹೊಲಿಸ್ಕೊಂಡೋರು ನಮ್ಮೂರಲ್ಲಿ ಇನ್ನೂ ಅದನ್ನೇ ಹಾಕ್ಕೊಂಡು ತಿರುಗ್ತಿದ್ದಾರೆ."

"ಸುಮ್ನಿರೆ," ಎಂದಳು ಟೈಲರಮ್ಮ. ಕಿಟಕಿಯ ಹತ್ತಿರದ ಮೇಜಿನಲ್ಲಿ ಒಬ್ಬ ಹೆಂಗಸು ಕಂದು ಚರ್ಮವನ್ನು ಕತ್ತರಿಸುತ್ತಿದ್ದಳು. ಕತ್ತರಿಯಿಂದಲ್ಲ, ಕಬ್ಬಿಣದ ಪಟ್ಟಿಗೆ ಆನಿಸಿ ಹಿಡಿದ ಚೂರಿಯಿಂದ. ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಟೈಲರಮ್ಮ ಆ ಚೂರಿ ಕೊನೆ ಮುಟ್ಟುವವರೆಗೂ ನೋಡಿದಳು.

"ಬಿಚ್ಚೋರು ಎಲ್ಲಿ ಕೂರ್ತಾರೆ?"

"ಅವರು ಕತ್ತರಿಸ್ತಿದ್ದಾರಲ್ಲ, ಅವರ ಪಕ್ಕದ ಮೇಜು."

"ಹಾಗಾದ್ರೆ ಆಗಬಹುದು."

"ಯಾವತ್ತಿಂದ ಬರ್ತೀರಿ?"

"ಬಂದಿದ್ದೀನಲ್ಲ," ಎಂದಳು ಟೈಲರಮ್ಮ. "ಮತ್ತೆ ಹೋಗಿ ಬರೋಕೆ ಪೆಟ್ರೋಲ್ ದಂಡ."

ಓರಗಿತ್ತಿ ಗೊಣಗುತ್ತ ಹೋಗಿ ಹಸಿರು ಸೀಟಿನಲ್ಲಿ ಕಾಲು ಚಾಚಿ ಕೂತಳು. ಕೆಲಸದವನೊಬ್ಬ ಹಳೆಯ ಸೀಟೊಂದನ್ನು ಎತ್ತಿ ತಂದು ಮೇಜಿನ ಮೇಲಿಟ್ಟು, ಒಂದು ಇಕ್ಕಳ ಕೊಟ್ಟು ಹೋದ. ಟೈಲರಮ್ಮ ಸೀಟನ್ನು ಮಗುಚಿ, ಅಂಚಿನ ತುಕ್ಕು ಹಿಡಿದ ಮೊಳೆಗಳಲ್ಲಿ ಮೊದಲನೆಯದನ್ನು ಅಲುಗಿಸಿ ಅಲುಗಿಸಿ, ಬಟ್ಟೆ ಹರಿಯದ ಹಾಗೆ ಕಿತ್ತಳು. ಸಂದಿಯಿಂದ ಒಂದು ಹಿಡಿ ಧೂಳು ಸುರಿಯಿತು. ಧೂಳಿನ ಜೊತೆ ಅಂಗಿಯ ಗುಂಡಿಯೊಂದು ಮೇಜಿನ ಮೇಲೆ ಬಿದ್ದು ಸುತ್ತು ಹಾಕಿ ಮಲಗಿತು. ನಾಲ್ಕು ತೂತು, ಒಂದರಲ್ಲಿ ಇನ್ನೂ ನೀಲಿ ದಾರದ ತುಣುಕಿತ್ತು. ಅವಳು ಅದನ್ನು ಊದಿ, ಕಿಟಕಿಯ ಕಟ್ಟೆಯ ಮೇಲಿಟ್ಟು, ಮುಂದಿನ ಮೊಳೆಗೆ ಇಕ್ಕಳ ಹಾಕಿದಳು.